ಪೂರ್ಣವಿರಾಮದ ಪಾಟಿ

ಆ ಅರಿವೆಯಿಂದ ಶುರು ಮಾಡುತ್ತೇನೆ. ಯಾರದೋ ಹಳೆಯ ಧೋತರದ ತುಂಡು. ಕರಿ ನೀರಿನ ಬಕೀಟಿನಲ್ಲಿ ಅದ್ದಿ, ಹಿಂಡಿ, ಪಾಟಿ, ಅಂದರೆ ಸ್ಲೇಟು, ಒರೆಸುವುದಕ್ಕೆ ಇಟ್ಟದ್ದು. ಮಳೆಗಾಲದಲ್ಲಿ ಅದು ಒಣಗುತ್ತಲೇ ಇರಲಿಲ್ಲ. ಹುಳಿತ ಮಜ್ಜಿಗೆಯ ವಾಸನೆ, ಅದರೊಳಗೆ ಬಳಪದ ಪುಡಿಯ ವಾಸನೆ, ಅದರ ಮೇಲೆ ಮಾಸ್ತರರ ಬೆರಳಿನ ತಪಕೀರಿನ ವಾಸನೆ. ಇಡೀ ಕ್ಲಾಸಿನ ಪಾಟಿಗಳನ್ನೆಲ್ಲ ಅದೊಂದೇ ಅರಿವೆಯಿಂದ ಒರೆಸುತ್ತಿದ್ದರು. ನನ್ನದನ್ನು ಬಿಟ್ಟು.

ವಾಸನೆಯೊಂದು ಇಷ್ಟು ಸರಿಯಾಗಿ, ಕೇಳಿದ ಕೂಡಲೇ ಬಂದು ನಿಂತರೆ ನನಗೆ ಅನುಮಾನ. ನಡುವಿನ ವರ್ಷಗಳಲ್ಲಿ ಮೂಸಿದ ಎಷ್ಟೋ ಒದ್ದೆ ಅರಿವೆಗಳು ಇದರೊಳಗೆ ಸೇರಿಕೊಂಡಿರಬಹುದು. ಇರಲಿ. ಹೇಸಿಕೆಯಂತೂ ಅಲ್ಲಿಯದೇ. ಅದು ಬೇರೆ ಕಡೆಯಿಂದ ಬಂದದ್ದಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಬೈಲಹೊಂಗಲದ ಪೇಟೆಯ ಹಿಂದೆ, ಹತ್ತಿಯ ಗೋದಾಮೊಂದರಲ್ಲಿ, ಎಸ್ಸೆಸ್ಸೆಲ್ಸಿಯ ಇಂಗ್ಲಿಷಿನಲ್ಲಿ ನಪಾಸಾದವರಿಗಾಗಿ ಮುಂಜಾನೆಯ ಕ್ಲಾಸು ನಡೆಯುತ್ತಿತ್ತು. ನಡೆಸುತ್ತಿದ್ದವರು ಹೈಸ್ಕೂಲಿನಿಂದ ನಿವೃತ್ತರಾದ ಒಬ್ಬ ಮಾಸ್ತರರು. ಊರಿನ ದೊಡ್ಡ ಮನೆತನದವರು, ಗೋದಾಮು ಅವರ ತಮ್ಮನದು. ಬೆಂಚುಗಳಿರಲಿಲ್ಲ. ಒಂದಕ್ಕೊಂದು ಒತ್ತಿ ಜೋಡಿಸಿಟ್ಟ ಹತ್ತಿಯ ಅಂಡಿಗೆಗಳ ಮೇಲೆ ನಾವು ಕುಳಿತುಕೊಳ್ಳುತ್ತಿದ್ದೆವು. ಗೋಡೆಯಿಂದ ಗೋಡೆಗೆ ಒಂದೇ ಸಾಲು, ಎಲ್ಲರಿಗೂ ಅದೇ. ಬಾಗಿಲ ಕಡೆಯ ತುದಿಯಲ್ಲಿ ನಾನು.

ಮಾಸ್ತರರಿಗೆ ತಪ್ಪು ವಾಕ್ಯ ಕಂಡರೆ ನಿಜವಾಗಿಯೂ ಓಕರಿಕೆ ಬರುತ್ತಿತ್ತು. ಹಾಳೆಯನ್ನು ಮುಖದಿಂದ ದೂರ ಹಿಡಿದು, "ಹೊಲಸು. ನಾರಾಕತ್ತೈತಿ," ಎನ್ನುತ್ತಿದ್ದರು. ತಿದ್ದಿದ ಮೇಲೆ, "ಈಗ ನೋಡ್ರಿ, ಮಡಿ ಆತು," ಎನ್ನುತ್ತಿದ್ದರು. ಆ ಮಾತುಗಳು ಆಗ ನಮಗೆ ಯಾರಿಗೂ ವಿಚಿತ್ರ ಅನಿಸಲಿಲ್ಲ. ಮನೆಯಲ್ಲಿ, ಗುಡಿಯಲ್ಲಿ, ಬಾವಿಯ ಕಟ್ಟೆಯ ಮೇಲೆ ಕೇಳಿ ಕೇಳಿ ಸವೆದ ಮಾತುಗಳು.

ಅವರ ಪಾಠದ ಪದ್ಧತಿ ಬೇರೆ ಎಲ್ಲೂ ನಾನು ಕಂಡಿಲ್ಲ. ಒಬ್ಬೊಬ್ಬರ ಕೊರಳಿಗೆ ಸುತಳಿಯಿಂದ ಒಂದೊಂದು ಪಾಟಿ ಕಟ್ಟುತ್ತಿದ್ದರು. ಪಾಟಿಯ ಮೇಲೆ ಒಂದು ಇಂಗ್ಲಿಷ್ ಶಬ್ದ. ಶಬ್ದಗಳೆಲ್ಲ ಸಾಲಾಗಿ ಕೈ ಕೈ ಹಿಡಿದು ನಿಂತರೆ ವಾಕ್ಯ. ಕೈ ಬಿಟ್ಟರೆ ಬರೇ ಮಂದಿ. ಗಂಡಸು ಹೆಂಗಸು ಪಕ್ಕಪಕ್ಕ ಬಂದಾಗ ಕೈ ಹಿಡಿಯುವ ಹಾಗಿಲ್ಲವಲ್ಲ, ಅಲ್ಲಿ ಮಾಸ್ತರರ ಕಟ್ಟಿಗೆಯ ಅಳತೆಪಟ್ಟಿಯ ಒಂದು ತುದಿಯನ್ನು ಅವನು, ಇನ್ನೊಂದು ತುದಿಯನ್ನು ಇವಳು.

ಕನ್ನಡದಲ್ಲಿ ಮಾಡುವ ಕೆಲಸ ವಾಕ್ಯದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಮಾಡುವವನ ಬೆನ್ನಿಗೇ ಬರಬೇಕು. ಕ್ರಿಯಾಪದದ ಪಾಟಿ ರಾಮದುರ್ಗದ ಒಬ್ಬ ನೇಕಾರರ ಮನೆಯವನ ಕೊರಳಲ್ಲಿ ಇರುತ್ತಿತ್ತು. ಅವನು ರೂಢಿಯಿಂದ ಓಡಿಹೋಗಿ ಸಾಲಿನ ತುದಿಗೆ ನಿಲ್ಲುತ್ತಿದ್ದ. ಮಾಸ್ತರರು ಅಂಗಿಯ ಕಾಲರು ಹಿಡಿದು ಎಳೆದು ತರುತ್ತಿದ್ದರು. "ಎಲ್ಲಿಗೆ ಓಡ್ತೀಲೇ? ಇದು ನಿಮ್ಮ ಮಗ್ಗ ಅಲ್ಲ, ಆ ಕಡೆ ಈ ಕಡೆ ಓಡ್ಯಾಡಾಕ. ಮಾಲಕನ ಹಿಂದ ನಿಂದರು."

ಮಾಲಕ ಅಂದರೆ ಕರ್ತೃ. ಅದು ಯಾವಾಗಲೂ ಕಿತ್ತೂರಿನವನೊಬ್ಬ. ಜಮೀನು, ಎತ್ತು, ಟ್ರ್ಯಾಕ್ಟರು ಇದ್ದ ಮನೆಯವನು, ದೊಡ್ಡ ಬಾಯಿ. ಒಮ್ಮೆ ಅವನು ಇಂಗ್ಲಿಷಿನಲ್ಲಿ ಬರೆದು ತಂದ ವಾಕ್ಯ, ಕನ್ನಡದಲ್ಲಿ ಹೇಳಿದರೆ: ಬಜಾರದಲ್ಲಿ ಅಡ್ಡಾಡುತ್ತ ಒಂದು ನಾಯಿ ನನ್ನನ್ನು ಕಡಿಯಿತು.

"ಅಡ್ಡಾಡಿದ್ದು ಯಾರಲೇ?"

"ನಾನ್ರಿ ಸರ."

"ನೀ ಬರದದ್ದರಾಗ ನಾಯಿ ಅಡ್ಡಾಡಾಕತ್ತೈತಿ. ಕೈಯಾಗ ಚೀಲಾ ಹಿಡಕೊಂಡು ಕಾಯಿಪಲ್ಲೆ ತರಾಕ ಹೊಂಟಿತ್ತೇನು ನಿಮ್ಮೂರ ನಾಯಿ?"

"ಕಿತ್ತೂರ ನಾಯಿರಿ ಸರ. ಹೋಗಿದ್ರೂ ಹೋಗಿರಬೇಕ್ರಿ."

ಗೋದಾಮು ನಕ್ಕಿತು. ನಾನೂ ನಕ್ಕೆ. ಮಾಸ್ತರರು 'ನಾನು' ಎಂಬ ಪಾಟಿಯನ್ನು ಹಿಂದಿನಿಂದ ಮುಂದೆ ತಂದು, ಅಡ್ಡಾಟವನ್ನು ಅದರ ಕೈಗೆ ಕೊಟ್ಟು, ನಾಯಿಯನ್ನು ಅದರ ಜಾಗಕ್ಕೆ ಕಳಿಸಿದರು. ಕಡಿಯುವುದಷ್ಟೇ ಅದರ ಕೆಲಸ. ಒಮ್ಮೆ ಕಂಡ ಮೇಲೆ ಆ ತಪ್ಪನ್ನು ಯಾರೂ ಮತ್ತೆ ಮಾಡಲಾರರು. ಒಳ್ಳೆಯ ಮಾಸ್ತರರು. ಇದನ್ನು ಹಲ್ಲು ಕಡಿದುಕೊಂಡಾದರೂ ಬರೆಯಬೇಕು.

ಅಲ್ಲಿಗೆ ನಾನು ಹೋದದ್ದು ಯಾಕೆಂದರೆ ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದಿದ್ದೆ. ನಮ್ಮ ಮನೆ ಸವದತ್ತಿ. ಅಪ್ಪನಿಗೆ ದವಾಖಾನೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ಕೆಲಸ. ಮಾಸ್ತರಿಕೆಯ ಟ್ರೇನಿಂಗಿಗೆ ನನಗೆ ಸೀಟು ಸಿಕ್ಕುವಂತಿತ್ತು, ಅಕ್ಟೋಬರದ ಪರೀಕ್ಷೆಯಲ್ಲಿ ಇಂಗ್ಲಿಷ್ ಪಾಸಾದರೆ. ಆಗದಿದ್ದರೆ ಅದೇ ದವಾಖಾನೆಯಲ್ಲಿ ಆಯಾ ಕೆಲಸ, ಅಪ್ಪ ಮಾತಾಡಿ ಇಟ್ಟಿದ್ದ. ಬೆಡ್‌ಪ್ಯಾನು ತೊಳೆಯುವುದು, ಹೆರಿಗೆ ಕೋಣೆ ಒರೆಸುವುದು. "ಸರಕಾರಿ ಕೆಲಸ, ಹೊಲಸ ಅನಬಾರದು," ಎನ್ನುತ್ತಿದ್ದ ಅಪ್ಪ. ನಮ್ಮ ಮನೆಯವರು ಬೌದ್ಧರಾಗಿ ವರ್ಷಗಳೇ ಆಗಿದ್ದವು, ಗೋಡೆಯ ಮೇಲೆ ಬುದ್ಧ ಕಣ್ಣು ಮುಚ್ಚಿ ಕುಳಿತಿದ್ದ. ಊರು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮಗೆ ಕೆಲಸ ಹುಡುಕುವಾಗ ಊರಿಗೆ ಮೊದಲು ನೆನಪಾಗುತ್ತಿದ್ದದ್ದು ಬಕೀಟು, ಕಸಬರಿಗೆ.

ನಾನು ಬೀಳುತ್ತಿದ್ದದ್ದು ಯಾವ ತಪ್ಪಿಗೆ ಎಂದು ನನಗೆ ಗೊತ್ತೇ ಇರಲಿಲ್ಲ. ಬೋರ್ಡಿನಿಂದ ಬರುವುದು ಅಂಕಿ ಮಾತ್ರ, ತಪ್ಪು ಬರುವುದಿಲ್ಲ. ಈಗ ಗೊತ್ತು. ಕನ್ನಡದಲ್ಲಿ ಎದ್ದು, ನೀರು ತಂದು, ರೊಟ್ಟಿ ಬಡಿದು, ಬಸ್ಸು ಹತ್ತಿ, ಇಳಿದು ಎಂದು ಇಡೀ ಮುಂಜಾನೆಯನ್ನು ಒಂದು ಕ್ರಿಯಾಪದದ ಬಾಲಕ್ಕೆ ಕಟ್ಟಿ ಎಳೆದುಕೊಂಡು ಹೋಗಬಹುದು. ನಾನು ಇಂಗ್ಲಿಷನ್ನೂ ಹಾಗೇ ಎಳೆಯುತ್ತಿದ್ದೆ. ಎದ್ದೆ ನೀರು ತಂದೆ ರೊಟ್ಟಿ ಬಡಿದೆ ಎಂದು ಪೂರ್ತಿ ವಾಕ್ಯಗಳು ನಡುವೆ ಏನೂ ಇಲ್ಲದೆ ಒಂದರ ಬೆನ್ನಿಗೆ ಒಂದು ಬಂದು ಹಾಯುತ್ತಿದ್ದವು. ಇನ್ನೊಂದು: 'ನನ್ನ ಅಪ್ಪ ಡ್ರೆಸ್ಸರ್' ಎಂದರೆ ನಮ್ಮಲ್ಲಿ ಮಾತು ಮುಗಿಯಿತು. ಇಂಗ್ಲಿಷಿನಲ್ಲಿ 'ಈಸ್' ಇಲ್ಲದೆ ಅದು ವಾಕ್ಯವೇ ಅಲ್ಲ. ಇವನ್ನು ಯಾರಾದರೂ ಬೆರಳಿಟ್ಟು ತೋರಿಸಬೇಕಿತ್ತು. ಅಷ್ಟೇ ಬೇಕಾಗಿದ್ದದ್ದು.

ಮೊದಲನೆಯ ದಿನ ಮಾಸ್ತರರು ಪಾಟಿ ಹಂಚುತ್ತ ನನ್ನ ಹತ್ತಿರ ಬಂದು ಕೇಳಿದರು.

"ಯಾವೂರು ತಂಗಿ?"

"ಸವದತ್ತಿರಿ."

"ಸವದತ್ತಿಯೊಳಗ ಎಲ್ಲಿ?"

ಹೇಳಿದೆ. ಓಣಿಯ ಹೆಸರು ಹೇಳಿದರೆ ಸಾಕು, ಮುಂದಿನದನ್ನು ಯಾರೂ ಕೇಳುವುದಿಲ್ಲ.

"ಬಾಳ ಛಲೋ," ಎಂದರು. ಒಂದು ಪಾಟಿ ತೆಗೆದುಕೊಂಡು ಅದರ ನಡುವೆ ಬಳಪದಿಂದ ದಪ್ಪಗೆ ಚುಕ್ಕಿ ಇಟ್ಟರು. ಅಂಡಿಗೆಯ ಮೇಲೆ ಇಟ್ಟು ಒಂದು ಹೆಜ್ಜೆ ಹಿಂದೆ ಸರಿದರು. "ನೀ ಪೂರ್ಣವಿರಾಮ. ಎಲ್ಲಾರ ಕೊನೀಗೆ, ಬಾಗಲದ ಕಡೆ ನಿಂದರು. ಪೂರ್ಣವಿರಾಮ ಯಾರ ಕೈನೂ ಹಿಡಿಯೂದಿಲ್ಲ, ಅದರ ಗತ್ತ ಅದು. ನೀ ಇಲ್ಲಂದ್ರ ಇಡೀ ವಾಕ್ಯಾನ ತಪ್ಪು, ನೆನಪಿರಲಿ."

ನಾನು ಉಬ್ಬಿಹೋದೆ. ಈ ಮಾತಂತೂ ನನಗೆ ಸ್ಪಷ್ಟ ನೆನಪಿದೆ, ಏಕೆಂದರೆ ಇದನ್ನು ಮರೆಯಲು ಬಹಳ ಪ್ರಯತ್ನಪಟ್ಟಿದ್ದೇನೆ.

ಕ್ಲಾಸಿನ ನಿಯಮ ಒಂದಿತ್ತು. ಯಾರು ಯಾವ ಶಬ್ದದ ಪಾಟಿ ಕಟ್ಟಿಕೊಂಡರೋ ಅವರು ಸಂಜೆ ಆ ಶಬ್ದದಿಂದ ಅರ್ಧ ಪುಟ ಬರೆಯಬೇಕು, ಮರುದಿನ ಮಾಸ್ತರರು ಅದನ್ನು ಎಲ್ಲರ ಮುಂದೆ ತಿದ್ದುತ್ತಾರೆ. ಚುಕ್ಕಿಯಿಂದ ಏನು ಬರೆಯುವುದು? ಉಳಿದವರ ಪಾಟಿಗಳು ದಿನವೂ ಒರೆಸಿ ಬದಲಾಗುತ್ತಿದ್ದವು. ಚುಕ್ಕಿ ಬದಲಾಗುವುದಿಲ್ಲ. ಹಾಗಾಗಿ ನನ್ನ ಪಾಟಿಯನ್ನು ಯಾರೂ ಒರೆಸಬೇಕಾಗಿರಲಿಲ್ಲ, ಮುಟ್ಟಬೇಕಾಗಿರಲಿಲ್ಲ, ಆ ಅರಿವೆ ನನ್ನ ಕಡೆ ಬರಬೇಕಾಗಿರಲಿಲ್ಲ. ಇದನ್ನೆಲ್ಲ ಅವರು ಕುಳಿತು ಯೋಚಿಸಿ ಮಾಡಿದ್ದರು ಎಂದು ನಾನು ಹೇಳಲಾರೆ. ಯೋಚಿಸಿದ್ದರೆ ಹೇಸಿಕೆ ಕಡಿಮೆ ಆಗುತ್ತಿತ್ತು. ಕೈ ತಾನಾಗಿಯೇ ಮಾಡಿತು, ಉಂಡ ಮೇಲೆ ಬಾಯಿ ಒರೆಸಿಕೊಂಡ ಹಾಗೆ.

ನಾನು ಇರುತ್ತಿದ್ದದ್ದು ನೇಸರಗಿಯಲ್ಲಿ, ಅಪ್ಪನ ತಂಗಿಯ ಮನೆಯಲ್ಲಿ. ಅತ್ತಿ ಹೊಲಿಗೆ ಮಶೀನಿನ ಮೇಲೆ ಊರಿಗೆಲ್ಲ ಜಂಪರು ಹೊಲಿಯುತ್ತಿದ್ದಳು. ಬಾಯಲ್ಲಿ ಸೂಜಿ ಇದ್ದಾಗಲೂ ಮಾತು ನಿಲ್ಲಿಸಿದವಳಲ್ಲ.

"ಇವತ್ತ ಏನ ಕಲತಿ?"

"ನಿಂತಿದ್ದೆ."

"ನಿಲ್ಲಾಕ ಹೊಂಗಲದ ತನಕಾ ಯಾಕ ಹೋಗಬೇಕು? ಇಲ್ಲೇ ಬಾಗಲದಾಗ ನಿಂದರು, ಕೋಳಿ ಒಳಗ ಬರೂದರ ತಪ್ಪತೈತಿ."

"ಪೂರ್ಣವಿರಾಮ ಆಗೇನಿ ಅತ್ತಿ."

"ಹಂಗಂದ್ರೇನವಾ?"

"ಚುಕ್ಕಿ."

ಅತ್ತಿ ಮಶೀನಿನ ಗಾಲಿಯನ್ನು ಕೈಯಿಂದ ಹಿಡಿದು ನಿಲ್ಲಿಸಿದಳು. "ಚುಕ್ಕಿ ಆಗಾಕ ಸಾಲಿ ಯಾಕ ಬೇಕು? ದವಾಖಾನ್ಯಾಗ ಪುಕ್ಕಟ ಆಗಬಹುದಲ್ಲಾ." ಮತ್ತೆ ಗಾಲಿ ತಿರುಗಿಸಿದಳು. ಅವಳು ಕೋಪದಲ್ಲಿ ಇದ್ದಳೋ ತಮಾಷೆ ಮಾಡಿದಳೋ ಹೇಳುವುದು ಕಷ್ಟ. ನಮ್ಮ ಮನೆಯಲ್ಲಿ ಎರಡಕ್ಕೂ ಒಂದೇ ದನಿ.

ಆ ಸಂಜೆ ನಾನೇ ಒಂದು ಪುಟ ಬರೆದೆ. ಮುಂಜಾನೆ ಮಾಸ್ತರರ ಮುಂದೆ ಹಿಡಿದೆ. "ಸರ, ಇದನ್ನೊಂದು ತಿದ್ದಿ ಕೊಡ್ರಿ."

ಅವರು ಕೈ ಚಾಚಲಿಲ್ಲ. "ನಿನ್ನ ಪಾಟಿ ಯಾವುದು ತಂಗಿ?"

"ಚುಕ್ಕಿರಿ."

"ಮತ್ತ? ಚುಕ್ಕಿಯೊಳಗ ತಪ್ಪ ಎಲ್ಲಿಂದ ಬರತೈತಿ? ಅದಕ್ಕs ನಿನಗ ಅದನ್ನ ಕೊಟ್ಟೇನಿ. ಹೊಲಸ ಹತ್ತೂದಿಲ್ಲ ಮೈಗೆ."

ಪ್ರೀತಿಯಿಂದಲೇ ಹೇಳಿದರು. ಪಕ್ಕದಲ್ಲಿ ನಿಂತಿದ್ದ ಯಾರಾದರೂ ಕೇಳಿದ್ದರೆ, ಎಂಥ ಕರುಣೆ ಎನ್ನುತ್ತಿದ್ದರು. ನಾನು ಹಾಳೆಯನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡು ಹೋಗಿ ಬಾಗಿಲ ಹತ್ತಿರ ನಿಂತೆ. ಮಳೆ ಹನಿಯುತ್ತಿತ್ತು, ಅರ್ಧ ಬೆನ್ನು ತೊಯ್ಯುತ್ತಿತ್ತು. ಸಾಲಿನಲ್ಲಿ ಕಿತ್ತೂರಿನವನು ತಿದ್ದಿಸಿಕೊಳ್ಳುತ್ತಿದ್ದ, ರಾಮದುರ್ಗದವನು ಬೈಸಿಕೊಂಡು ತಿದ್ದಿಸಿಕೊಳ್ಳುತ್ತಿದ್ದ. ಅವರಿಗೆ ಬೀಳುತ್ತಿದ್ದ ಬೈಗುಳಕ್ಕೆ ನನಗೆ ಹೊಟ್ಟೆಕಿಚ್ಚು.

ಪರೀಕ್ಷೆ ಹತ್ತಿರ ಬಂತು. ಒಂದು ಮುಂಜಾನೆ ಪಾಠ ಎರಡು ವಾಕ್ಯ ಜೋಡಿಸುವುದು. ಎರಡು ಸಾಲು ನಿಂತವು, ನಡುವೆ ತೆರಪು. ಆ ತೆರಪಿನಲ್ಲಿ 'ಆ್ಯಂಡ್' ಎಂಬ ಪಾಟಿ ಕಟ್ಟಿಕೊಂಡು ಒಬ್ಬರು ನಿಂತು ಎರಡೂ ಕಡೆ ಕೈ ಹಿಡಿಯಬೇಕು. ಅದನ್ನು ಕಟ್ಟಿಕೊಳ್ಳುತ್ತಿದ್ದ ಹುಡುಗಿಗೆ ಜ್ವರ, ಬಂದಿರಲಿಲ್ಲ. ಮಾಸ್ತರರು ಸುತ್ತ ನೋಡುತ್ತಿದ್ದರು. ನಾನು ಚುಕ್ಕಿಯನ್ನು ಕೊರಳಿಂದ ತೆಗೆದು ಅಂಡಿಗೆಯ ಮೇಲೆ ಇಟ್ಟು, ಆ ಪಾಟಿ ಕಟ್ಟಿಕೊಂಡು ಹೋಗಿ ನಡುವೆ ನಿಂತೆ. ಅಪ್ಪ ಮಾತಾಡಿ ಇಟ್ಟಿದ್ದ ಆಯಾ ಕೆಲಸಕ್ಕೆ ಸಿಕ್ಕದೆ ಉಳಿಯಬೇಕೆಂದರೆ ನನ್ನ ಅರ್ಧ ಪುಟ ಯಾರಾದರೂ ತಿದ್ದಬೇಕಿತ್ತು, ಅರ್ಧ ಪುಟ ಬರೆಯಬೇಕೆಂದರೆ ನನಗೊಂದು ಶಬ್ದ ಬೇಕಿತ್ತು. ತಲೆಯಲ್ಲಿ ಇದ್ದದ್ದು ಇಷ್ಟೇ. ಕ್ರಾಂತಿ ಗಿಂತಿ ಏನೂ ಇರಲಿಲ್ಲ.

ಎಡಕ್ಕೆ ರಾಮದುರ್ಗದವನು. ಗಂಡಸು, ಅಲ್ಲಿ ಹೇಗೂ ಅಳತೆಪಟ್ಟಿ. ಬಲಕ್ಕೆ ಸಿರಸಂಗಿಯ ಒಬ್ಬ ಹುಡುಗಿ, ಮೆತ್ತಗಿನವಳು, ದಿನಾ ನನ್ನ ನೋಡಿ ನಗುತ್ತಿದ್ದವಳು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದಳು.

"ಸರ, ಇವರ ಕೈ ಹೆಂಗ ಹಿಡೀಲ್ರಿ? ಮನ್ಯಾಗ ಅಜ್ಜಿ ಅದಾರ್ರಿ."

"ಇನ್ನೊಂದ ಪಟ್ಟಿ ತಗೋ," ಎಂದರು ಮಾಸ್ತರರು.

ಅವಳು ಪಟ್ಟಿಯನ್ನು ನೋಡಿದಳು. "ಕಟಗಿಗೆ ಹಾಯೂದಿಲ್ಲೇನ್ರಿ ಸರ?"

ಅದು ಚುಚ್ಚುಮಾತಲ್ಲ. ಮೈಲಿಗೆ ಕಟ್ಟಿಗೆಯನ್ನು ಹಾಯ್ದು ಬರುತ್ತದೋ ಇಲ್ಲವೋ ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ, ಕೇಳಿದಳು. ಕ್ಲಾಸಿನಲ್ಲಿ ಅನುಮಾನ ಬಂದರೆ ಕೇಳಬೇಕಲ್ಲ.

"ಕಟಗಿಯೊಳಗ ಕರೆಂಟ ಹಾಯೂದಿಲ್ಲ," ಎಂದ ಕಿತ್ತೂರಿನವನು. "ಇದೂ ಹಾಯೂದಿಲ್ಲ ಹಿಡೀರಿ."

"ಒಣಾ ಕಟಗಿ ಇರಬೇಕ್ಪಾ," ಎಂದ ರಾಮದುರ್ಗದವನು. "ಹಸೇದಿದ್ರ ಹಾಯತೈತಿ."

"ಉಣ್ಣಿ ಸುತ್ತಿದ್ರ?" ಎಂದು ಇನ್ನಾರೋ ಕೇಳಿದರು.

"ಉಣ್ಣಿಗೆ ಎಂದೂ ಹಾಯೂದಿಲ್ಲ. ಕಂಬಳಿ ಮಡಿ. ಹತ್ತಿ ಅರಳೀಗೆ ಹಾಯತೈತಿ, ನೂಲಿಗೆ ಹಾಯತೈತಿ. ಮಗ್ಗದ ಮಂದಿ ನಾವು, ನಮಗ ಗೊತ್ತಿಲ್ಲೇನು?"

ನಾನು ಮಾಸ್ತರರ ಮುಖ ನೋಡುತ್ತಿದ್ದೆ. ಬೀಯೇ ಓದಿದವರು. ನಾಯಿ ಬಜಾರಕ್ಕೆ ಹೋಗುವುದಿಲ್ಲ ಎಂದು ತಿಳಿಸಿಕೊಟ್ಟವರು. ಈಗ ಒಂದು ಬೈಗುಳ ಬೈಯುತ್ತಾರೆ, ಎಲ್ಲರೂ ಸುಮ್ಮನಾಗುತ್ತಾರೆ ಎಂದು ಕಾದೆ. ಅವರು ಚಿಟಿಕೆ ತಪಕೀರು ಮೂಗಿಗೆ ಏರಿಸಿ, ಪಟ್ಟಿಯನ್ನು ಬೆಳಕಿಗೆ ಹಿಡಿದು, ಹೊರಳಿಸಿ ನೋಡಿದರು.

"ಸಾಗವಾನಿ," ಎಂದರು. "ಬಾಳ ವರ್ಷದ್ದು. ಒಣಗೇತಿ. ನಡೀತೈತಿ, ಹಿಡಿ."

ಮೂಗಿನಿಂದ ಇಳಿದ ಕಂದು ನೀರನ್ನು ಅವರು ಧೋತರದ ಚುಂಗಿನಿಂದ ಒರೆಸಿಕೊಂಡರು.  ನಾನು ಕೇಳಿದೆ.

"ಅರಳೀಗೆ ಹಾಯತೈತಿ ಅಂದ್ರ, ನೀವೆಲ್ಲಾರೂ ಇಷ್ಟ ದಿನಾ ಕುಂತದ್ದ ಎದರ ಮ್ಯಾಲ? ಆ ತುದಿಗೆ ನಾನೂ ಕುಂತಿದ್ದೆನಲ್ಲ."

ಇದನ್ನು ನಾನು ಹಲವು ಕಡೆ ಹೇಳಿದ್ದೇನೆ. ಹೇಳುವಾಗೆಲ್ಲ, ಇಡೀ ಕ್ಲಾಸು ಅಂಡಿಗೆಗಳ ಮೇಲಿಂದ ಚಂಗನೆ ಜಿಗಿದು ನಿಂತಿತು ಎನ್ನುತ್ತೇನೆ. ಜನ ಚಪ್ಪಾಳೆ ತಟ್ಟುತ್ತಾರೆ. ಅದು ಸುಳ್ಳು. ಹೆಚ್ಚಿನವರು ಆಗಲೇ ಸಾಲಿನಲ್ಲಿ ನಿಂತಿದ್ದರು, ಜಿಗಿಯಲು ಮಂದಿ ಎಲ್ಲಿದ್ದರು? ಕುಳಿತಿದ್ದವರಲ್ಲಿ ಒಬ್ಬ ಮಾತ್ರ ಎದ್ದ. ಎದ್ದು, ಪೈಜಾಮದ ಹಿಂಬದಿಯನ್ನು ಎರಡೂ ಕೈಯಿಂದ ಝಾಡಿಸಿಕೊಂಡ. ಅದು ಖಚಿತ. ಆ ಝಾಡಿಸಿದ ಸಪ್ಪಳ ನನಗೆ ಈಗಲೂ ಬೇಡ.

"ಹೋತು, ಎಲ್ಲಾರ ಮಡೀನೂ ಹೋತು!" ಎಂದು ಕಿತ್ತೂರಿನವನು ನಕ್ಕ. "ಸರ, ಒಂದ ಬಸ್ಸ ಮಾಡ್ರಿ, ಮಲಪ್ರಭಾಕ್ಕ ಹೋಗಿ ಜಳಕಾ ಮಾಡಿ ಬರೂಣು!"

ಯಾರೂ ನಗಲಿಲ್ಲ. ಸಿರಸಂಗಿಯವಳು ಅಳತೊಡಗಿದಳು. ಎಲ್ಲರೂ ಅವಳ ಸುತ್ತ ಕೂಡಿ ಸಮಾಧಾನ ಮಾಡಿದರು. "ಇವತ್ತಿಗೆ ಸಾಕು," ಎಂದು ಮಾಸ್ತರರು ಹೊರಗೆ ಹೋದರು. ಕಟ್ಟಿಕೊಂಡಿದ್ದ ಪಾಟಿಯನ್ನು ನಾನೇ ತೆಗೆದಿಟ್ಟೆ.

ಮರುದಿನ ಪಾಟಿಗಳೆಲ್ಲ ಸುತಳಿಯಲ್ಲಿ ಕಟ್ಟಿ ಮೂಲೆಗೆ ಸೇರಿದ್ದವು. "ಪೋರ್ಶನ್ ಬಾಳ ಉಳದೈತಿ, ನಿಂತು ಆಡೂದಕ್ಕ ಟೈಮಿಲ್ಲ," ಎಂದರು ಮಾಸ್ತರರು. ಇನ್ನು ಬರೇ ಕರಿಹಲಗೆ. ಎಲ್ಲರೂ ದಿನಾ ಒಂದು ಹಾಳೆ ಬರೆದು ತರಬೇಕು, ಹೋಗುವಾಗ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೋಗಬೇಕು. ಎಲ್ಲರಿಗೂ ಅದೇ ನಿಯಮ. ಆದರೂ ಉಳಿದವರ ಹಾಳೆಗಳು ಮಾತಾಡುತ್ತ ಮಾತಾಡುತ್ತ ಮಾಸ್ತರರ ಕೈಗೇ ಹೋಗುತ್ತಿದ್ದವು. ನನ್ನದೊಂದು ಕಿಟಕಿಯ ಮೇಲೆ, ಹಾರಬಾರದೆಂದು ಅದರ ಮೇಲೆ ಒಂದು ಇಟ್ಟಿಗೆಯ ಚೂರು. ಆಟ ಬಿಟ್ಟುಹೋದದ್ದಕ್ಕೆ ಕ್ಲಾಸು ನನ್ನ ಮೇಲೆ ಸಿಟ್ಟಾಗಿತ್ತು. "ಮಜಾ ಕೆಡಿಸಿದ್ಲು," ಎಂದು ರಾಮದುರ್ಗದವನು ನನಗೆ ಕೇಳುವಂತೆ ಹೇಳಿದ.

ಅದರ ಮರುದಿನ ಮುಂಜಾನೆ ನನ್ನ ಹಾಳೆ ಅದೇ ಕಿಟಕಿಯಲ್ಲಿ, ಅದೇ ಚೂರಿನ ಕೆಳಗೆ ಇತ್ತು. ತಿದ್ದಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಓದಿದೆ. ವಾಕ್ಯ ವಾಕ್ಯಕ್ಕೆ ಡಿಕ್ಕಿ ಹೊಡೆದ ಕಡೆಯಲ್ಲೆಲ್ಲ ಕೆಂಪು ಶಾಯಿಯ ಒಂದು ಸಣ್ಣ ಗೀಟು, ಅಂಚಿನಲ್ಲಿ ದುಂಡಗಿನ ಕನ್ನಡ ಅಕ್ಷರ: ಇಲ್ಲಿ ಒಂದು ಮಾತು ಮುಗಿಯಿತು, ನಿಲ್ಲು. ಕಾರಣವನ್ನಷ್ಟೇ ಹೇಳಿ ಸುಮ್ಮನಾದ ಕಡೆ: ಹೀಗೆ ಆದ್ದರಿಂದ ಮುಂದೆ ಏನಾಯಿತು? ಹೇಳು. ಅಪ್ಪನಿಗೂ ಡ್ರೆಸ್ಸರಿಗೂ ನಡುವೆ ತುಸುವೇ ಜಾಗ ಮಾಡಿ 'ಈಸ್' ಕೂರಿಸಿದ್ದರು. ಒಂದೂ ತಪ್ಪಿಸಿರಲಿಲ್ಲ. ಎಲ್ಲಿಯೂ ಹೊಲಸು ಎಂದು ಬರೆದಿರಲಿಲ್ಲ. ನೇಸರಗಿಯಲ್ಲಿ ಇಳಿಯುವಷ್ಟರಲ್ಲಿ ನನಗೆ ಎಲ್ಲ ತಿಳಿದಿತ್ತು. ನನ್ನನ್ನು ಎರಡು ಸಲ ಕೆಡವಿದ್ದು ಒಂದು ಬಸ್ಸಿನ ದಾರಿಯಲ್ಲಿ ತಿಳಿಯುವಂಥದ್ದು. ಅದನ್ನು ಬರೆಯಲು ಅವರಿಗೆ ಎಷ್ಟು ಹೊತ್ತು ಹಿಡಿದಿರಬೇಕು? ಒಂದು ಕಪ್ಪು ಚಹಾ ಆರುವಷ್ಟು.

ನನಗೆ ಓಕರಿಕೆ ಬಂದದ್ದು ಆಗ. ಅವರಿಗೆ ತಿದ್ದಲು ಬಾರದಿದ್ದರೆ, ಅವರು ದಡ್ಡರಾಗಿದ್ದರೆ, ನಾನು ಕ್ಷಮಿಸಿ ಮರೆಯುತ್ತಿದ್ದೆನೇನೋ.

ಹಾಳೆಯನ್ನು ಹರಿದು ಬಸ್ಸಿನ ಕಿಟಕಿಯಿಂದ ಬಿಟ್ಟೆ ಎಂದು ಬರೆದರೆ ಓದುವವರಿಗೆ ಸಮಾಧಾನ. ನಾನು ಹರಿಯಲಿಲ್ಲ. ಅಂದು ಸಂಜೆ ಎರಡು ಹಾಳೆ ಬರೆದೆ, ಅದರ ಮರುದಿನ ಇನ್ನಷ್ಟು. ಎಲ್ಲವನ್ನೂ ಆ ಕಟ್ಟೆಯ ಮೇಲೆ ಇಟ್ಟೆ, ಎಲ್ಲವನ್ನೂ ಅವರು ತಿದ್ದಿದರು. ಪರೀಕ್ಷೆಯ ತನಕ ಹೀಗೇ ನಡೆಯಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಂದಿಗೂ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದರೂ ನನ್ನ ಕೈ ಆ ಗೀಟುಗಳ ಜಾಗದಲ್ಲಿ ತಾನಾಗಿಯೇ ನಿಲ್ಲುತ್ತದೆ. ಕೈ ತೊಳೆದುಕೊಳ್ಳಬೇಕು ಅನಿಸುತ್ತದೆ.

ಪಾಸಾದೆ. ಟ್ರೇನಿಂಗಿನ ಸೀಟು ಸಿಕ್ಕಿತು, ಆಯಾ ಕೆಲಸ ಬೇರೆ ಯಾರಿಗೋ ಹೋಯಿತು. ಸ್ವಲ್ಪ ದಿನದ ಮೇಲೆ ಮಾಸ್ತರರು ಯಾವುದೋ ಕೆಲಸಕ್ಕೆ ಸವದತ್ತಿಗೆ ಬಂದವರು ಬಸ್ ಸ್ಟ್ಯಾಂಡಿನಲ್ಲಿ ಅಪ್ಪನಿಗೆ ಸಿಕ್ಕರಂತೆ. ನಾಕು ಮಂದಿಯ ಎದುರಿಗೆ, "ನಿನ್ನ ಮಗಳು ನನ್ನ ಕೈಯಾಗ ತಯಾರಾದಾಕಿ. ಆಕಿ ಇಂಗ್ಲಿಷ್ ನಾನs ತಿದ್ದೇನಿ," ಎಂದರಂತೆ. ಅಪ್ಪ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅದನ್ನು ಹೇಳಿದ. ಊಟಕ್ಕೆ ಕುಳಿತಾಗ ಮತ್ತೆ ಹೇಳಿದ. ನೆರೆಮನೆಯವರು ಬಂದಾಗ ಎದ್ದು ನಿಂತು, ಮಾಸ್ತರರು ಹೇಗೆ ಕೈ ಎತ್ತಿದ್ದರೋ ಹಾಗೆ ಕೈ ಎತ್ತಿ ಹೇಳಿದ.

"ಸಾಕ ಮಾಡಪಾ," ಎಂದೆ.

"ಯಾಕವಾ? ಅಂಥಾ ದೊಡ್ಡ ಮನಶಾ ನಾಕ ಮಂದೀ ಮುಂದ ಅಂದಾರ. ಸುಳ್ಳೇನು ಅದು?"

"ಸುಳ್ಳಲ್ಲ," ಎಂದೆ. ಬಾಯಿ ತುಂಬ ಎಂಜಲು ಬಂದಿತ್ತು. ಎದ್ದು ಹಿತ್ತಲಿಗೆ ಹೋಗಿ ಉಗುಳಿದೆ.